ಸುಣ್ಣದ ಗೆರೆ

ಕಂದಾಯ ಇಲಾಖೆಯ ಹಳೆಯ ಗ್ರಾಮನಕ್ಷೆಯನ್ನು ಬಿಡಿಸಿ ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿರುತ್ತದೆ. ಹೊಲ, ಗದ್ದೆ, ತೋಟಗಳಿಗೆಲ್ಲ ಸರ್ವೆ ನಂಬರು, ಎಲ್ಲೆ ಇರುತ್ತವೆ. ಜನ ಹುಟ್ಟಿ, ಬಾಳಿ, ಜಗಳವಾಡಿ, ಸಾಯುವ ಊರು ಮಾತ್ರ ಗ್ರಾಮಠಾಣಾ ಎಂಬ ಹೆಸರಿನ ಒಂದು ಖಾಲಿ ತುಂಡು. ಹೊಲದಿಂದ ಕಂದಾಯ ಬರುತ್ತಿತ್ತು, ಅಳೆದರು; ಮನೆಯಿಂದ ಬರುತ್ತಿರಲಿಲ್ಲ, ಬಿಟ್ಟರು. ಮುಂದೆ ಮನೆಗಂದಾಯ ಪಂಚಾಯಿತಿಯ ಪಾಲಿಗೆ ಬಂದಾಗಲೂ ಅಳತೆಯೆಂದರೆ ಬಹಳ ಕಡೆ ಬಿಲ್ ಕಲೆಕ್ಟರನ ಕಣ್ಣಂದಾಜೇ.

ಆ ಖಾಲಿ ತುಂಡು ತುಂಬತೊಡಗಿದ್ದು ಈಚೆಗೆ. ಡ್ರೋನ್ ಮರುಸರ್ವೆಗೆ ಕರ್ನಾಟಕ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ರಾಮನಗರವೂ ಒಂದು. 2020ರ ಏಪ್ರಿಲ್ 24ರಂದು ಕೇಂದ್ರದ ಸ್ವಾಮಿತ್ವ ಯೋಜನೆ ಆರಂಭವಾಯಿತು. ಡ್ರೋನು ಊರ ಮೇಲೆ ಹಾರಿ ತೆಗೆದ ಚಿತ್ರಗಳಿಂದ ಸುಮಾರು 5 ಸೆಂಟಿಮೀಟರ್ ನಿಖರತೆಯ ನಕ್ಷೆ ತಯಾರಾಗುತ್ತದೆ. ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್, ಮಾಡುವುದು ಆಮೇಲಿನ ಕೆಲಸ: ನಕ್ಷೆಯ ಒಂದೊಂದು ಮನೆಗೂ ಪಂಚಾಯಿತಿ ವಹಿಯ ಒಂದೊಂದು ಸಾಲನ್ನು ಗಂಟು ಹಾಕುವುದು. ಮನೆಯವರಿಗೆ ಹಕ್ಕಿನ ಪತ್ರ, ಪಂಚಾಯಿತಿಗೆ ತೆರಿಗೆಯ ಲೆಕ್ಕ, ಎರಡೂ ಯೋಜನೆಯ ಉದ್ದೇಶಗಳೇ.

ಕಣ್ಣಂದಾಜಿನಲ್ಲಿ ಕರುಣೆಯಿತ್ತು, ಯಂತ್ರಕ್ಕೆ ಅದಿಲ್ಲ ಎನ್ನುವವರಿದ್ದಾರೆ. ಯಾರ ಮೇಲೆ ಕರುಣೆ ಎಂದು ಕೇಳಬೇಕು. ಮಹಡಿ ಎಬ್ಬಿಸಿದವನ ಮನೆ ವಹಿಯಲ್ಲಿ ಇನ್ನೂ ನಾಡಹೆಂಚಿನದೇ ಆಗಿದ್ದರೆ ಅದು ದಾಕ್ಷಿಣ್ಯ. ಅವನು ಕೊಡದೆ ಉಳಿಸಿಕೊಂಡ ಹಣ ಬೀದಿದೀಪದಲ್ಲೋ ನೀರಿನ ಮೋಟಾರಿನ ಕರೆಂಟಿನಲ್ಲೋ ಕಡಿಮೆ ಬೀಳುತ್ತದೆ. ಅದನ್ನು ತುಂಬುವವರಲ್ಲಿ ಊರ ಕೊನೆಯ ಶೀಟುಮನೆಯವಳೂ ಇರುತ್ತಾಳೆ. ಅವಳಿಗೆ ನಿಜವಾಗಿ ರಿಯಾಯಿತಿ ಬೇಕಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ, ಬರೆಸೋಣ. ವಹಿಯ ಮರೆಯಲ್ಲಿ ತೋರುವ ದಯೆ ಬಲವಿದ್ದವರ ಕಡೆಗೇ ವಾಲುತ್ತದೆ. ಆದ್ದರಿಂದ ನಾನು ಅಳತೆಯ ಪಕ್ಷ.

ಆದರೆ ಮೇಲಿನಿಂದ ಕಾಣುವುದು ಸೂರು ಮಾತ್ರ. ಕೈಲಾಂಚದ ಸುತ್ತ ರೇಷ್ಮೆಯ ಸೀಮೆ. ಹುಳು ಸಾಕುವ ಮನೆಯೂ ಬಾಡಿಗೆಗೆ ಕೊಟ್ಟ ಮನೆಯೂ ಆಕಾಶಕ್ಕೆ ಒಂದೇ ಬಗೆಯ ಶೀಟು. ಒಳಗೆ ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತಿದೆಯೋ, ತಿಂಗಳ ಬಾಡಿಗೆ ಬರುತ್ತಿದೆಯೋ, ಕೆಳಗಿಳಿದು ಬಾಗಿಲು ತಟ್ಟಿದವರೇ ಹೇಳಬೇಕು. ಒಂದೇ ಸೂರಿನಡಿ ಅಣ್ಣತಮ್ಮಂದಿರ ಮೂರು ಒಲೆ ಉರಿಯುತ್ತಿದ್ದರೆ ಅದೂ ಅಷ್ಟೇ.

ಇಷ್ಟೇ ಆಗಿದ್ದರೆ ಬಾಗಿಲು ತಟ್ಟಿಸಿ ಸರಿಪಡಿಸಬಹುದಿತ್ತು. ನನ್ನನ್ನು ಹೆಚ್ಚು ಕಾಡುವುದು ಸುಣ್ಣ. ಡ್ರೋನು ಹಾರುವ ಮೊದಲು ಪ್ರತಿ ಜಾಗದ ಎಲ್ಲೆಗೂ ಸುಣ್ಣದ ಗೆರೆ ಎಳೆಯುತ್ತಾರೆ, ಮನೆಯವರ, ಪಂಚಾಯಿತಿಯವರ ಎದುರಿನಲ್ಲಿ. ಅಷ್ಟು ನಿಖರವಾದ ಯಂತ್ರ ನೋಡುವುದು ನಾವು ನೆಲದ ಮೇಲೆ ಬರೆದುಕೊಟ್ಟದ್ದನ್ನೇ. ಓಣಿಯನ್ನು ಎರಡಡಿ ನುಂಗಿದ ಜಗಲಿಯ ಆಚೆಗೆ ಗೆರೆ ಬಿದ್ದರೆ ನಕ್ಷೆಯಲ್ಲೂ ಅದು ಆಚೆಗೇ, ಸೆಂಟಿಮೀಟರ್ ತಪ್ಪದೆ. ಪಕ್ಕದವನು ಅಂದು ‘ಯಾಕೆ ಸುಮ್ಮನೆ ನಿಷ್ಠುರ’ ಎಂದು ಬಾಯಿ ಮುಚ್ಚಿಕೊಂಡಿದ್ದರೆ, ಆ ಮೌನಕ್ಕೆ ಸರ್ಕಾರದ ಮೊಹರೂ ಬೀಳಬಹುದು.

ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಬಹುದು, ನಿಜ. ಸಲ್ಲಿಸಬೇಕಾದವಳು ಬೆಳಗಿನ ಬಸ್ಸಿಗೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ ಕತ್ತಲಾದ ಮೇಲೆ ಬರುವವಳಾದರೆ, ಪಂಚಾಯಿತಿಯ ಗೋಡೆಗೆ ಅಂಟಿಸಿದ ಆ ಹಾಳೆಯನ್ನು ಅವಳಿಗೆ ಓದಿ ಹೇಳುವವರು ಯಾರು? ಎಲ್ಲೆಯ ಆಚೆಬದಿಯವನೆ?