ಸೊನ್ನೆಯ ಸಾಕ್ಷ್ಯ

ಲೋಲಕವನ್ನು ತೂಗಿಸಿ ಗುರುತ್ವದ ವೇಗೋತ್ಕರ್ಷವನ್ನು ಅಳೆಯುವ ಪ್ರಯೋಗವನ್ನು ನಾವೆಲ್ಲರೂ ಶಾಲೆಯಲ್ಲಿ ಮಾಡಿದ್ದೇವೆ. ನಮ್ಮಲ್ಲಿ ಹಲವರು ಮಾಡಿಸಿಯೂ ಇದ್ದೇವೆ. ಹುಡುಗನ ಲೆಕ್ಕಕ್ಕೆ 9.2 ಬರುತ್ತದೆ. ಪುಸ್ತಕದಲ್ಲಿ 9.8 ಎಂದಿದೆ. ಆತನು ಪಕ್ಕದವನ ಹಾಳೆಯತ್ತ ಒಮ್ಮೆ ನೋಡಿ, ಉತ್ತರದಿಂದ ಹಿಮ್ಮುಖವಾಗಿ ಅಂಕಿಗಳನ್ನು ಹೊಂದಿಸಿ, 9.8 ಎಂದೇ ಬರೆದುಬಿಡುತ್ತಾನೆ. ನಾವು ಕೆಂಪು ಶಾಯಿಯಲ್ಲಿ ಪೂರ್ಣಾಂಕ ಕೊಡುತ್ತೇವೆ. ಕಂಡದ್ದನ್ನು ಕಂಡಂತೆ ಬರೆದ ಬಡಪಾಯಿಗೆ ಅಂಕ ಕಡಮೆ. ಯಾರಿಗೂ ನಷ್ಟವನ್ನುಂಟುಮಾಡದ ಸುಳ್ಳು ಸುಳ್ಳೇ ಹೌದೇ ಎಂಬ ಪ್ರಶ್ನೆ ಬಹು ಹಳೆಯದು. ಅದಕ್ಕೆ ಉತ್ತರವನ್ನು ಧರ್ಮಗ್ರಂಥಗಳಲ್ಲಿ ಹುಡುಕುವ ಬದಲು ಒಂದು ಗಣಿಯಲ್ಲಿ ಹುಡುಕೋಣ.

ನಮ್ಮ ಕೋಯಮತ್ತೂರಿನಿಂದ ಮೇಟ್ಟುಪಾಳಯದ ಮಾರ್ಗವಾಗಿ ನೀಲಗಿರಿಯನ್ನೇರಿದರೆ ಉದಕಮಂಡಲದಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಶ್ವಕಿರಣ ಪ್ರಯೋಗಶಾಲೆಯಿದೆ. ಆಕಾಶದಿಂದ ಸುರಿಯುವ ಕಣಗಳನ್ನು ಹಿಡಿಯಲು ಆ ಸಂಸ್ಥೆಯವರು ಬೆಟ್ಟವನ್ನೇರಿದರು. ಅವೇ ಕಣಗಳ ಸುರಿಮಳೆಯಿಂದ ತಪ್ಪಿಸಿಕೊಳ್ಳಲು ಕೋಲಾರದ ಚಿನ್ನದ ಗಣಿಗೆ ಇಳಿದರು. ಹೋಮಿ ಭಾಭಾ ಅವರ ಸೂಚನೆಯಂತೆ, ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು 1951ರಲ್ಲಿ ಆ ಗಣಿಯಲ್ಲಿ ಅಳತೆಯನ್ನು ಆರಂಭಿಸಿದರು. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಬಂಡೆಯೊಳಗೆ ಆಳಕ್ಕೆ ಹೋದಂತೆಲ್ಲ ಅವು ವಿರಳವಾಗುತ್ತವೆ. ಎಷ್ಟು ಆಳಕ್ಕೆ ಎಷ್ಟು ವಿರಳ ಎಂಬುದೇ ಪ್ರಶ್ನೆಯಾಗಿತ್ತು.

1960ರ ದಶಕದ ಆರಂಭದಲ್ಲಿ ಜಪಾನಿನ ಮಿಯಾಕೆ, ನಮ್ಮವರಾದ ನರಸಿಂಹಮ್ ಮತ್ತು ರಮಣಮೂರ್ತಿ ಇವರು ಉಪಕರಣಗಳನ್ನು ಸುಮಾರು 2,760 ಮೀಟರು ಆಳಕ್ಕೆ ಒಯ್ದರು. ಅಲ್ಲಿ ಎರಡು ತಿಂಗಳ ಕಾಲ ಕಾದರು. ಒಂದು ಮ್ಯೂಆನ್ ಕೂಡ ಬರಲಿಲ್ಲ. ಫಲಿತಾಂಶ: ಸೊನ್ನೆ.

ಈ ಸೊನ್ನೆಯ ಬಳಿ ನಾವು ಸ್ವಲ್ಪ ನಿಲ್ಲಬೇಕು. ಕಂಡ ಕಣವು ತನ್ನ ಗುರುತನ್ನು ತಾನೇ ಬಿಟ್ಟುಹೋಗುತ್ತದೆ. ಕಾಣದಿದ್ದುದಕ್ಕೆ ಅಂಥ ಗುರುತಿಲ್ಲ. ನಿಜವಾಗಿ ಏನೂ ಬಾರದಿದ್ದರೂ ಸೊನ್ನೆ. ಯಂತ್ರವು ಕೆಟ್ಟು ಮಲಗಿದ್ದರೂ ಸೊನ್ನೆ. ಎರಡನ್ನೂ ಬೇರೆ ಮಾಡಿ ತೋರಿಸಬಲ್ಲದ್ದು ಒಂದೇ: ಯಂತ್ರವು ಎಚ್ಚರವಾಗಿದೆಯೆಂದು ದಿನದಿನವೂ ಪರೀಕ್ಷಿಸಿದವನ ಬರವಣಿಗೆ. ಒಬ್ಬನು ಪರೀಕ್ಷಿಸದೆಯೇ 'ಸರಿಯಿದೆ' ಎಂದು ಬರೆದರೆ ಅವನೊಬ್ಬನ ದಿನ ಮಾತ್ರ ಕೆಡುವುದಿಲ್ಲ, ಸಂಗಡಿಗರ ಎರಡು ತಿಂಗಳೂ ಕೆಟ್ಟಂತೆ. ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಹೆಣಿಗೆ ತಪ್ಪಿದರೆ ಚೆಕಿಂಗ್ ಮೇಜಿನ ಮೇಲೆ ತೂತು ಹೊರಬೀಳುತ್ತದೆ. ಸೊನ್ನೆಯಲ್ಲಿ ತೂತು ಕಾಣುವುದಿಲ್ಲ. ಆದುದರಿಂದ ತಂಡದಲ್ಲಿ ದುಡಿಯುವವನ ಸತ್ಯವು ಅವನ ಸ್ವಂತ ಆಸ್ತಿಯಲ್ಲ, ಇತರರಿಗೆ ಅವನು ತೀರಿಸಬೇಕಾದ ಸಾಲ ಎಂದು ನಾವು ಭಾವಿಸುತ್ತೇವೆ. ನಷ್ಟವಿಲ್ಲದ ಸುಳ್ಳು ಎಂಬುದು ಒಂಟಿಯಾಗಿ ಬದುಕುವವನಿಗೆ ಇದ್ದೀತು. ಮೂವರು ಕೂಡಿದಲ್ಲಿ ಅದಕ್ಕೆ ಸ್ಥಳವಿಲ್ಲ.

ಆ ಸೊನ್ನೆಯನ್ನು ನಂಬಿಯೇ ಮುಂದಿನ ಕಾರ್ಯ ನಡೆಯಿತು. ಮೇಲಿನಿಂದ ಬರುವ ಮ್ಯೂಆನುಗಳ ಗದ್ದಲ ಅಡಗಿದ ಮೇಲೆ, ಇಡೀ ಭೂಮಿಯನ್ನೇ ತೂರಿಹೋಗಬಲ್ಲ ನ್ಯೂಟ್ರಿನೊ ಎಲ್ಲೋ ಅಪರೂಪಕ್ಕೆ ಬಂಡೆಗೆ ತಾಗಿ ಹುಟ್ಟಿಸುವ ಮ್ಯೂಆನನ್ನು ಗುರುತಿಸಬಹುದಲ್ಲವೆ? ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾನಿಲಯ ಮತ್ತು ಟಾಟಾ ಸಂಸ್ಥೆ ಒಟ್ಟುಗೂಡಿ ಸುಮಾರು 2,300 ಮೀಟರು ಆಳದಲ್ಲಿ ಉಪಕರಣಗಳನ್ನು ನಿಲ್ಲಿಸಿದವು. 1965ರಲ್ಲಿ ಅಡ್ಡಲಾಗಿ ಹಾಯ್ದ ಕೆಲವೇ ಕೆಲವು ಜಾಡುಗಳು ದೊರೆತವು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊವಿನ ಸುಳಿವು ಅದು. ಆಗಸ್ಟ್ ತಿಂಗಳಲ್ಲಿ ಲೇಖನ ಅಚ್ಚಾಯಿತು. ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ದುಡಿಯುತ್ತಿದ್ದ ರೈನಸ್ ಅವರ ತಂಡದ ಲೇಖನವೂ ಅದೇ ತಿಂಗಳ ಕೊನೆಗೆ ಬಂದಿತು. ಕೋಲಾರದ ಲೇಖನದಲ್ಲಿ 11 ಹೆಸರುಗಳಿವೆ. ಸಂಸ್ಥೆಯ ಪ್ರಕಾರ ಗುಂಪು ಮಾಡಿ, ಒಳಗೆ ಅಕ್ಷರಾನುಕ್ರಮದಲ್ಲಿ ಜೋಡಿಸಿದ್ದಾರೆ. ಹಿರಿಯರಾರು, ರಾತ್ರಿಯೆಲ್ಲ ಕಾದವರಾರು ಎಂಬುದು ಅದರಿಂದ ತಿಳಿಯದು. (ಅವರನ್ನು ಪ್ರತಿದಿನವೂ ಪಾತಾಳಕ್ಕಿಳಿಸಿ ಮೇಲೆತ್ತಿದ ಗಣಿಕಾರ್ಮಿಕರ ಹೆಸರಂತೂ ಅಲ್ಲಿಲ್ಲ. ಇದು ನಮ್ಮ ಮನಸ್ಸಿಗೆ ಒಪ್ಪುವುದಿಲ್ಲ; ಆದರೆ ಲೋಕದ ರೂಢಿ ಹಾಗಿದೆ.)

ಅದೇ ಗಣಿಯಲ್ಲಿ 1980ರ ದಶಕದಲ್ಲಿ 140 ಟನ್ ತೂಕದ ಉಪಕರಣವನ್ನಿಟ್ಟು ಪ್ರೋಟಾನು ನಶಿಸುವುದೇ ಎಂದು ಕಾದರು. ನಾಶವಿರಬಹುದೆಂದು ತೋರಿದ ಕೆಲವು ಘಟನೆಗಳನ್ನು ಪ್ರಕಟಿಸಿದರು. ಹೊರದೇಶಗಳ ಇನ್ನೂ ದೊಡ್ಡ ಉಪಕರಣಗಳು ಅದನ್ನು ಸಮರ್ಥಿಸಲಿಲ್ಲ. ಅವರು ತಪ್ಪಿದರು ಎನ್ನುವವರುಂಟು. ನಾವು ಹಾಗೆನ್ನಲಾರೆವು. ಕಂಡದ್ದನ್ನು ಇತರರು ತೂಗಿನೋಡುವಂತೆ ಬಿಚ್ಚಿಟ್ಟವನು ಆಮೇಲೆ ಒಂಟಿಯಾಗಿ ಉಳಿದರೂ ಸುಳ್ಳುಗಾರನಾಗುವುದಿಲ್ಲ. ಗಣಿ 2001ರಲ್ಲಿ ಮುಚ್ಚಿತು.

ಇನ್ನು ನಮ್ಮ ಹುಡುಗನ 9.2. ಲೋಲಕವು 31 ಸಲ ತೂಗಿದ ಕಾಲವನ್ನು 30 ತೂಗಾಟಗಳದೆಂದು ಎಣಿಸಿದರೆ 9.8 ಎಂಬುದು ಸರಿಸುಮಾರು 9.2 ಆಗುತ್ತದೆ, ಬೇಕಾದವರು ಲೆಕ್ಕ ಹಾಕಿ ನೋಡಬಹುದು. ಹುಡುಗನು ಎಲ್ಲಿ ಎಡವಿದನೆಂಬುದಕ್ಕೆ ಆ ಅಂಕಿಯಲ್ಲಿಯೇ ಸುಳಿವಿದೆ. ತಿದ್ದಿ ಬರೆದ 9.8ರಲ್ಲಿ ಆ ತಪ್ಪಿಹೋದ ಒಂದು ತೂಗಾಟವನ್ನು ಅವನೂ ಹುಡುಕಲಾರ, ನಾವೂ ಹುಡುಕಲಾರೆವು. ಮುಂದಿನ ಸಲ ಅಂಥ ಹಾಳೆ ನಮ್ಮ ಮೇಜಿಗೆ ಬಂದಾಗ ಕೆಂಪು ಶಾಯಿಯನ್ನು ಬದಿಗಿಟ್ಟು, "ಬಾರಪ್ಪ, ಇಬ್ಬರೂ ಸೇರಿ ಇನ್ನೊಮ್ಮೆ ಎಣಿಸೋಣ" ಎಂದು ಅವನನ್ನು ಲೋಲಕದ ಬಳಿಗೆ ಕರೆಯಬಹುದು.