ಆಡಿದವನು, ಆಡಿಸುವವನು

ಕನ್ನಡದಲ್ಲಿ ‘ಆಡು’ ಎಂಬ ಧಾತುವಿಗೆ ‘ಇಸು’ ಪ್ರತ್ಯಯ ಹತ್ತಿದರೆ ‘ಆಡಿಸು’ ಎಂದಾಗುತ್ತದೆ. ‘ಕಲಿ’ಗೆ ಹತ್ತಿದರೆ ‘ಕಲಿಸು’, ‘ಮಾಡು’ವಿಗೆ ಹತ್ತಿದರೆ ‘ಮಾಡಿಸು’. ಇಷ್ಟನ್ನು ಶಾಲೆಯ ಹುಡುಗನೂ ಬಲ್ಲ. ವ್ಯಾಕರಣದಲ್ಲಿ ಇಷ್ಟು ಸುಲಭವಾಗಿ ನಡೆಯುವ ಕೆಲಸ ಬದುಕಿನಲ್ಲಿಯೂ ಅಷ್ಟೇ ಸುಲಭವಾಗಿ ನಡೆಯುತ್ತದೆಂದು ನಾವು ಹೇಗೋ ನಂಬಿಕೊಂಡುಬಿಟ್ಟಿದ್ದೇವೆ. ಚೆನ್ನಾಗಿ ಹಾಡುವವರ ಮನೆಗೆ ಮಕ್ಕಳನ್ನು ಪಾಠಕ್ಕೆ ಕಳಿಸುತ್ತೇವೆ. ಪಾಠ ಹೇಳುವುದರಲ್ಲಿ ನಿಸ್ಸೀಮರಾದ ಮೇಷ್ಟರನ್ನು ಪಾಠ ಬಿಡಿಸಿ ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕೂರಿಸುತ್ತೇವೆ. ಗೋಡೆ ಚೆನ್ನಾಗಿ ಕಟ್ಟುವವನನ್ನು ಮೇಸ್ತ್ರಿ ಮಾಡುತ್ತೇವೆ. ಒಂದು ಕೆಲಸದಲ್ಲಿ ಗಳಿಸಿದ ಯೋಗ್ಯತೆಯನ್ನು ಮತ್ತೊಂದು ಕೆಲಸದ ಲೆಕ್ಕಕ್ಕೆ ಜಮಾ ಮಾಡುವುದು ಎಷ್ಟರಮಟ್ಟಿಗೆ ನ್ಯಾಯ? ಜಮಾ ಮಾಡಲು ಬಂದವರಿಗೆ ‘ಬೇಡ’ ಎನ್ನುವ ಹೊಣೆ ಆ ಮನುಷ್ಯನ ಮೇಲೂ ಉಂಟೆ? ನನ್ನನ್ನು ಈ ಪ್ರಶ್ನೆ ಹಿಡಿದದ್ದು ನಮ್ಮ ದೇಶದವನಲ್ಲದ, ನಮಗೆ ಅಷ್ಟಾಗಿ ಪರಿಚಯವಿಲ್ಲದ ಆಟವೊಂದನ್ನು ಆಡಿದ ಒಬ್ಬನ ಜೀವನವೃತ್ತವನ್ನು ಓದುವಾಗ. ಆತನ ಹೆಸರು ಬಾರ್ಟ್ ಸ್ಟಾರ್.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಒಂದೊಂದು ಕಡೆಗೆ ಹನ್ನೊಂದು ಜನ. ಚೆಂಡನ್ನು ಹಿಡಿದು ಓಡಿಯೋ ಎಸೆದೋ ಎದುರಾಳಿಯ ಗಡಿಯಾಚೆಗೆ ಒಯ್ಯಬೇಕು. ನಾಲ್ಕು ಯತ್ನಗಳೊಳಗೆ ಹತ್ತು ಗಜ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಹೆಚ್ಚುಕಡಿಮೆ ಪ್ರತಿಯೊಂದು ಯತ್ನವೂ ಕ್ವಾರ್ಟರ್‌ಬ್ಯಾಕ್ ಎಂಬಾತನ ಕೈಯಿಂದ ಮೊದಲಾಗುತ್ತದೆ. ಸ್ಟಾರ್‌ನ ಕಾಲದಲ್ಲಿ ಯಾವ ಗಳಿಗೆಗೆ ಯಾವ ವ್ಯೂಹ ಎಂಬುದನ್ನೂ ಮೈದಾನದಲ್ಲಿ ನಿಂತು ಆತನೇ ಹೇಳುತ್ತಿದ್ದ. ಆಟಗಾರರ ನಡುವೆ ಇದ್ದುಕೊಂಡೇ ಆಡಿಸುವ ಕೆಲಸವಲ್ಲವೆ ಅದು? ಆದ್ದರಿಂದ ಅಂಥವನು ಮುಂದೆ ಕೋಚ್ ಆಗುವುದು ಮಗ ಅಪ್ಪನ ಅಂಗಡಿಯಲ್ಲಿ ಕೂತಷ್ಟೇ ಸಹಜವೆಂದು ಯಾರಿಗಾದರೂ ತೋರೀತು.

ಸ್ಟಾರ್ ಹುಟ್ಟಿದ್ದು 1934ರಲ್ಲಿ, ಅಲಬಾಮದ ಮಾಂಟ್‌ಗಮರಿಯಲ್ಲಿ. ವಿಶ್ವವಿದ್ಯಾನಿಲಯದ ಕೊನೆಯ ವರ್ಷ, 1955ರಲ್ಲಿ, ಆತನ ತಂಡ ಆಡಿದ ಹತ್ತು ಪಂದ್ಯಗಳನ್ನೂ ಸೋತಿತು. ಆ ಸೋಲುವ ತಂಡದಲ್ಲಿಯೂ ಆತ ಬಹುಪಾಲು ಬೆಂಚಿನ ಮೇಲೆ ಕೂತಿದ್ದ. ಅಲ್ಲಿ ಕಾಲೇಜುಗಳಿಂದ ಬರುವ ಹುಡುಗರನ್ನು ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. 1956ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಸ್ಟಾರ್‌ನನ್ನು ಆರಿಸಿದಾಗ ಆತ ಇನ್ನೂರನೆಯವನು. ಗ್ರೀನ್ ಬೇ ವಿಸ್ಕಾನ್ಸಿನ್ ಸೀಮೆಯ ಒಂದು ಸಣ್ಣ ಊರು. ಆ ತಂಡಕ್ಕೆ ಒಬ್ಬ ಧಣಿಯೆಂಬುವನಿಲ್ಲ. ಸಾಮಾನ್ಯ ಜನ ಪಾಲುಪತ್ರ ಕೊಂಡು ಉಳಿಸಿಕೊಂಡು ಬಂದ ತಂಡ ಅದು. ಜಾತ್ರೆಯ ತೇರಿನಂತೆ ಊರಿಗೆಲ್ಲ ಸೇರಿದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

1959ರಲ್ಲಿ ಅಲ್ಲಿಗೆ ವಿನ್ಸ್ ಲೊಂಬಾರ್ಡಿ ಕೋಚ್ ಆಗಿ ಬಂದ. ಉಗ್ರ ಸ್ವಭಾವದ ಮನುಷ್ಯ. ಎಲ್ಲರೆದುರು ತನ್ನನ್ನು ಗದರಿಸಿದಾಗ ಸ್ಟಾರ್ ಆತನ ಕೋಣೆಗೆ ಹೋಗಿ, ‘ಬೈಯುವುದಿದ್ದರೆ ಇಲ್ಲಿ ಬೈಯಿರಿ, ಅವರೆದುರು ಬೈದರೆ ನಾಳೆ ನಾನು ಹೇಳಿದ್ದನ್ನು ಅವರು ಕೇಳುವುದು ಹೇಗೆ?’ ಎಂಬ ಅರ್ಥದ ಮಾತು ಆಡಿದನಂತೆ, ಗುರು ಒಪ್ಪಿದನಂತೆ. 1961ರಿಂದ 1967ರವರೆಗಿನ ಏಳು ವರ್ಷಗಳಲ್ಲಿ ಈ ಇಬ್ಬರ ತಂಡ ಐದು ಸಲ ರಾಷ್ಟ್ರದ ಪಟ್ಟ ಗೆದ್ದಿತು.

ಆ ಐದನೆಯ ಪಟ್ಟದ ಹಾದಿಯಲ್ಲಿ ಬಂದ ಒಂದು ಪಂದ್ಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1967ರ ಡಿಸೆಂಬರ್ 31; ಗ್ರೀನ್ ಬೇಯ ಮೈದಾನ; ಎದುರಿಗೆ ಡಲ್ಲಾಸ್ ತಂಡ. ಚಳಿ ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗೆ. ಹುಲ್ಲಿನಡಿಯಲ್ಲಿ ಹಾಕಿಸಿದ್ದ ಕಾವಿನ ಏರ್ಪಾಡು ಕೈಕೊಟ್ಟು ನೆಲವೆಲ್ಲ ಗಾಜಿನಂತಾಗಿತ್ತು. ಪಂದ್ಯ ಮುಗಿಯಲು ಹದಿನಾರು ಸೆಕೆಂಡು. ಗ್ರೀನ್ ಬೇ ಮೂರು ಅಂಕ ಹಿಂದೆ. ಗಡಿರೇಖೆ ಒಂದು ಗಜಕ್ಕಿಂತ ಆಚೆಗಿಲ್ಲ. ಹಿಂದಿನ ಎರಡು ಯತ್ನಗಳಲ್ಲಿ ಚೆಂಡು ಹಿಡಿದು ಓಡಿದವನಿಗೆ ಕಾಲು ನಿಲ್ಲದೆ ಹೋಗಿತ್ತು. ಸ್ಟಾರ್ ಅಂಚಿಗೆ ಬಂದು ಲೊಂಬಾರ್ಡಿಯೊಡನೆ ಎರಡು ಮಾತಾಡಿದ; ಓಡುವವರ ಕಾಲು ಜಾರುತ್ತಿದೆ, ನಾನೇ ನುಗ್ಗುತ್ತೇನೆ ಎಂದ. ಹಿಂದಿರುಗಿ ಸಂಗಡಿಗರಿಗೆ ಒಂದು ವ್ಯೂಹದ ಹೆಸರು ಹೇಳಿದ. ಆ ವ್ಯೂಹದ ಪ್ರಕಾರ ಚೆಂಡು ಬೇರೊಬ್ಬನಿಗೆ ಹೋಗಬೇಕು. ಚೆಂಡನ್ನು ತಾನೇ ಇಟ್ಟುಕೊಳ್ಳುವೆನೆಂದು ಆತ ಅವರಲ್ಲಿ ಯಾರಿಗೂ ಹೇಳಲಿಲ್ಲ. ಹೇಳದೆ ಇಟ್ಟುಕೊಂಡ, ನುಗ್ಗಿದ, ಬಿದ್ದದ್ದು ರೇಖೆಯ ಆಚೆಗೆ. 21–17.

ಈ ಒಂದು ಗಳಿಗೆಯಲ್ಲಿ ಸ್ಟಾರ್‌ನ ಮುಂದಿನ ಕಥೆಯೆಲ್ಲ ಅಡಗಿದೆಯೆಂದು ನನಗೆ ಅನ್ನಿಸುತ್ತದೆ. ಆಡುವವನ ದೊಡ್ಡ ಭಾಗ್ಯವೆಂದರೆ, ಎಲ್ಲ ದಾರಿಯೂ ಮುಚ್ಚಿದಾಗ ಚೆಂಡನ್ನು ತಾನೇ ಎದೆಗೊತ್ತಿಕೊಂಡು ನುಗ್ಗಬಹುದು. ಆಡಿಸುವವನಿಗೆ ಆ ಭಾಗ್ಯವಿಲ್ಲ. ಅವನು ಅಂಚಿನಲ್ಲಿ ನಿಂತು, ತಾನು ಮಾಡಬಲ್ಲ ಕೆಲಸವನ್ನು ಇನ್ನೊಬ್ಬನು ಮಾಡಲಾರದೆ ತಡವರಿಸುವುದನ್ನು ನೋಡುತ್ತಿರಬೇಕು. ಹೇಳದೆಯೇ ಮಾಡಬಲ್ಲವನಿಗೆ, ಹೇಳಿ ಮಾಡಿಸುವುದೊಂದನ್ನೇ ಉಳಿಸಿಕೊಟ್ಟರೆ ಅದು ಬಡ್ತಿಯೋ ಶಿಕ್ಷೆಯೋ?

1971ರ ಆಟದೊಂದಿಗೆ ಸ್ಟಾರ್‌ನ ಆಟಗಾರಿಕೆ ಮುಗಿಯಿತು. 1972ರಲ್ಲಿ ಒಂದು ವರ್ಷ ತಂಡದ ಕ್ವಾರ್ಟರ್‌ಬ್ಯಾಕ್‌ಗಳಿಗೆ ಸಹಾಯಕ ತರಬೇತುದಾರನಾಗಿದ್ದ. ಕಲಿಸುವ ಕೆಲಸದ ಅನುಭವ ಅಷ್ಟೇ. ಇತ್ತ ತಂಡ ಇಳಿಮುಖವಾಗಿತ್ತು. 1974ರ ಡಿಸೆಂಬರಿನಲ್ಲಿ ಊರಿನವರು ತಮ್ಮ ವೀರನನ್ನೇ ಕರೆದು ಪಟ್ಟ ಕಟ್ಟಿದರು. ಹಿಂದಿನ ಕೋಚ್ ವಯಸ್ಸಾದ ಒಬ್ಬ ಆಟಗಾರನಿಗಾಗಿ ಮುಂದಿನ ಎರಡು ವರ್ಷಗಳ ಐದು ಮೇಲ್ಸರದಿಯ ಆಯ್ಕೆಗಳನ್ನು ಕೊಟ್ಟುಬಿಟ್ಟು ಹೋಗಿದ್ದ. ಬಿತ್ತನೆಯ ಕಾಳನ್ನೇ ಮಾರಿದ ಹೊಲ ಸ್ಟಾರ್‌ನ ಪಾಲಿಗೆ ಬಂತು. ಇದನ್ನು ಹೇಳದೆ ಆತನನ್ನು ತೂಗುವುದು ಅನ್ಯಾಯವಾಗುತ್ತದೆ. ಆದರೂ ಲೆಕ್ಕ ಲೆಕ್ಕವೇ: ಒಂಬತ್ತು ವರ್ಷಗಳಲ್ಲಿ 52 ಗೆಲುವು, 76 ಸೋಲು, ಮೂರು ಸಮ. 1977ರಲ್ಲಿ ಒಂದು ವಿಚಿತ್ರ ನಡೆಯಿತು. ಓಹಾಯೋದ ಕ್ಯಾಂಟನ್ನಿನಲ್ಲಿರುವ ಆಟದ ಕೀರ್ತಿಮಂದಿರದಲ್ಲಿ ಆ ವರ್ಷ ಆತನನ್ನು ಮಹಾ ಆಟಗಾರರ ಸಾಲಿಗೆ ಸೇರಿಸಿ ಗೌರವಿಸಿದರು. ಅದೇ ವರ್ಷ ಆತ ನಡೆಸಿದ ತಂಡ ಹದಿನಾಲ್ಕರಲ್ಲಿ ಹತ್ತು ಪಂದ್ಯ ಸೋತಿತು.

ಲೊಂಬಾರ್ಡಿಯ ಕಥೆ ಬೇರೆ. ಆತ ವೃತ್ತಿಪರ ಆಟದಲ್ಲಿ ಹೆಸರು ಮಾಡಿದವನೇ ಅಲ್ಲ. 1939ರಿಂದ ನ್ಯೂಜೆರ್ಸಿಯ ಒಂದು ಪ್ರೌಢಶಾಲೆಯಲ್ಲಿ ಲ್ಯಾಟಿನ್, ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಪಾಠ ಹೇಳುತ್ತ ಹುಡುಗರಿಗೆ ಆಟ ಕಲಿಸಿದ. ಮುಂದೆ ಕಾಲೇಜಿನಲ್ಲಿ, ಸೈನಿಕ ಅಕಾಡೆಮಿಯಲ್ಲಿ, ನ್ಯೂಯಾರ್ಕ್ ತಂಡದಲ್ಲಿ ಸಹಾಯಕನಾಗಿ ದುಡಿದ. ಗ್ರೀನ್ ಬೇಗೆ ಬಂದಾಗ ವಯಸ್ಸು ನಲವತ್ತೈದು. ಇಪ್ಪತ್ತು ವರ್ಷ ಆತ ಕಲಿತದ್ದು ಆಟವನ್ನಲ್ಲ, ತಿಳಿಯದವನ ತಲೆಯೊಳಗೆ ತಿಳಿವಳಿಕೆ ಹೇಗೆ ಇಳಿಯುತ್ತದೆಂಬುದನ್ನು. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಇಬ್ಬರು ನಾಟ್ಯಾಚಾರ್ಯರಿಗೆ ಜಗಳ ಹತ್ತಿದಾಗ ಆಚಾರ್ಯರನ್ನು ಕುಣಿಸಿ ನೋಡುವುದಿಲ್ಲ, ಶಿಷ್ಯೆಯನ್ನು ಕುಣಿಸಿ ನೋಡುತ್ತಾರೆ. ಗ್ರೀನ್ ಬೇಯವರು ನೋಡಿದ್ದು ಆಚಾರ್ಯನ ಕುಣಿತವನ್ನೇ.

ಹಾಗಾದರೆ ಸ್ಟಾರ್ ಒಪ್ಪಿಕೊಂಡದ್ದು ತಪ್ಪೆ? ತಪ್ಪೆನ್ನಲು ಮನಸ್ಸು ಬೇಗ ಬಾರದು. ಇನ್ನೂರನೆಯವನಾಗಿ ಬಂದವನನ್ನು ಅನ್ನವಿಟ್ಟು ಸಾಕಿದ ಊರು ಕಷ್ಟದಲ್ಲಿ ಕೈಚಾಚಿ ಕರೆದಾಗ ‘ನನಗೆ ಅಭ್ಯಾಸ ಸಾಲದು’ ಎಂದರೆ ಅದು ವಿನಯವೆಂದು ಯಾರು ತಿಳಿದಾರು? ಕೃತಘ್ನತೆಯೆಂದೇ ತಿಳಿದಾರು. ಆದರೆ ಈ ಲೆಕ್ಕದಲ್ಲಿ ಇನ್ನೊಂದು ಕಡೆಯವರನ್ನು ನಾವು ಮರೆಯುತ್ತೇವೆ. ವೃತ್ತಿಪರ ಆಟಗಾರನ ಆಯುಷ್ಯ ಕೆಲವೇ ವರ್ಷ. ಮೂಳೆ ಮುರಿದುಕೊಂಡು ಗಳಿಸುವ ವರ್ಷಗಳು ಅವು. ಅನನುಭವಿ ಗುರು ಕಲಿಯುತ್ತ ಹೋದಂತೆ ಖರ್ಚಾದದ್ದು ಅವರ ಆಯುಷ್ಯ. ಊರಿನ ಪ್ರೀತಿಯ ಸಾಲವನ್ನು ಆತ ತೀರಿಸಿದ್ದು ಅವರ ಗಂಟಿನಿಂದ.

ಹಾಗೆಂದು ಎಲ್ಲ ಗುರುಗಳೂ ತಮ್ಮ ಮೊದಲ ಶಿಷ್ಯರ ಮೇಲೆಯೇ ಅಲ್ಲವೆ ಕಲಿಯುವುದು? ನಿಜ. ಲೊಂಬಾರ್ಡಿಯೂ ಹಾಗೆಯೇ ಕಲಿತ. ಆದರೆ ತಪ್ಪಿದರೆ ಹೆಚ್ಚು ನಷ್ಟವಾಗದ ಕಡೆ ಕಲಿತ. ದೊಡ್ಡ ಹೆಸರಿನವನಿಗೆ ಸಣ್ಣ ಜಾಗದಲ್ಲಿ ತಪ್ಪುವ ಅವಕಾಶವನ್ನು ಲೋಕ ಕೊಡುವುದಿಲ್ಲ. ಸ್ಟಾರ್‌ನ ಕಷ್ಟದಲ್ಲಿ ನನಗೆ ಅತ್ಯಂತ ಮರುಕ ಹುಟ್ಟಿಸುವುದು ಇದು. 1981ರಲ್ಲಿ ಮೊದಲ ಸುತ್ತಿನ ಆರನೆಯ ಆಯ್ಕೆಯನ್ನು ಆತನ ತಂಡ ಬಳಸಿದ್ದು ಒಬ್ಬ ಕ್ವಾರ್ಟರ್‌ಬ್ಯಾಕ್‌ಗಾಗಿ. ಆ ಹುಡುಗ ಗ್ರೀನ್ ಬೇಯಲ್ಲಿ ಒಂದು ಪಂದ್ಯವನ್ನೂ ಮೊದಲಿನಿಂದ ಆಡಲಿಲ್ಲ. ತಾನು ಬಲ್ಲ ಕೆಲಸದಲ್ಲಿಯೇ ಇನ್ನೊಬ್ಬನನ್ನು ಗುರುತಿಸುವುದು ಆ ಕೆಲಸ ಬಲ್ಲವನಿಗೂ ಸುಲಭವಲ್ಲ!

ಆತ ಏನೂ ಕಲಿಯಲಿಲ್ಲವೆಂದಲ್ಲ. ಮುಷ್ಕರದಿಂದ ಮೊಟಕಾದ 1982ರ ಸಾಲಿನಲ್ಲಿ ತಂಡ ಕೊನೆಯ ಸುತ್ತುಗಳಿಗೆ ಏರಿ ಅಲ್ಲಿಯೂ ಒಂದು ಪಂದ್ಯ ಗೆದ್ದಿತು. 1983ರಲ್ಲಿ ಹಿಂದಿನ ವರ್ಷದ ಪಟ್ಟ ಗೆದ್ದ ವಾಷಿಂಗ್‌ಟನ್ ತಂಡವನ್ನು 48–47ರಿಂದ ಸೋಲಿಸಿತು. ಆ ವರ್ಷ ತಂಡ ಗಳಿಸಿದ್ದು 429 ಅಂಕ, ಬಿಟ್ಟುಕೊಟ್ಟದ್ದು 439. ಎಂಟು ಗೆಲುವು, ಎಂಟು ಸೋಲು. ಕೊನೆಯ ಪಂದ್ಯವನ್ನು ಷಿಕಾಗೋದಲ್ಲಿ ಎರಡು ಅಂಕದಿಂದ ಸೋತ ಮರುದಿನವೇ ಆತನನ್ನು ತೆಗೆದುಹಾಕಿದರು. ಬದಲಿಗೆ ಬಂದವನು ಆತನ ಹಳೆಯ ಸಂಗಡಿಗ ಫಾರೆಸ್ಟ್ ಗ್ರೆಗ್. ಬೇರೆ ತಂಡಗಳನ್ನು ನಡೆಸಿ ಪಳಗಿದವನು. ನಾಲ್ಕು ವರ್ಷಗಳಲ್ಲಿ ಆತನದು 25 ಗೆಲುವು, 37 ಸೋಲು. ಅನುಭವವೇ ಎಲ್ಲವೂ ಎಂದು ಹೊರಟ ನನ್ನ ವಾದಕ್ಕೆ ಇದು ಅಡ್ಡ ಬರುತ್ತದೆ; ಬರಲಿ.

ತಾನು ಆ ಕೆಲಸಕ್ಕೆ ಸಿದ್ಧನಾಗಿರಲಿಲ್ಲವೆಂದು ಸ್ಟಾರ್ ಮುಂದೆ ಬಾಯಿಬಿಟ್ಟು ಹೇಳಿದ. ಹಿಂದಿನವನು ಮಾರಿದ ಬಿತ್ತನೆಯ ಕಾಳಿನ ನೆಪ ಕೈಯಲ್ಲಿದ್ದವನು ಹೀಗೆ ಹೇಳುವುದು ಸಣ್ಣ ಮಾತಲ್ಲ. ಹದಿನಾರು ಸೆಕೆಂಡಿನ ಗೆಲುವನ್ನು ಊರು ಆತನ ಹೆಸರಿಗೆ ಬರೆಯಿತು. ಒಂಬತ್ತು ವರ್ಷದ ಸೋಲನ್ನು ಆತ ತಾನೇ ತನ್ನ ಹೆಸರಿಗೆ ಬರೆದುಕೊಂಡ.

2014ರಲ್ಲಿ ಆತನಿಗೆ ಪಾರ್ಶ್ವವಾಯು ಬಡಿಯಿತು. ಮರುವರ್ಷದ ನವೆಂಬರಿನಲ್ಲಿ, ತನ್ನ ತರುವಾಯದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನ ಸನ್ಮಾನಕ್ಕೆಂದು, ಎಂಬತ್ತೊಂದರ ಆ ಮುದುಕ ಗ್ರೀನ್ ಬೇಯ ಅದೇ ಮೈದಾನಕ್ಕೆ ಬಂದ. ಚಳಿ, ಮೇಲೆ ಮಳೆ. ನೆನೆಯುತ್ತ ಕೂತಿದ್ದ ಜನ ಆತನನ್ನು ಕಂಡು ಹೋ ಎಂದು ಕೂಗಿದರು. ಅವರಲ್ಲಿ ಬಹಳ ಮಂದಿ ಆತ ಆಡಿದ್ದನ್ನು ಕಂಡವರಲ್ಲ. ಸ್ವಲ್ಪ ವಯಸ್ಸಾದವರು ಕಣ್ಣಾರೆ ಕಂಡಿದ್ದು ಆತ ಅಂಚಿನಲ್ಲಿ ನಿಂತು ಸೋತ ವರ್ಷಗಳನ್ನೇ. ಅವರೂ ಕೂಗಿರಬೇಕು.