ಉಳಿದ ಜಾಗದ ಧರ್ಮ

ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಇಂದು ಉಳಿದ ಈರುಳ್ಳಿ ಮೂಟೆಗೆ ನಾಳೆಯೂ ಗಿರಾಕಿ ಉಂಟು. ಯಲಹಂಕದ ಬೀದಿಯಲ್ಲಿ ಸಂಜೆಗೆ ಬಾಡಿದ ಸೊಪ್ಪಿಗೆ ಆ ಭಾಗ್ಯವಿಲ್ಲ. ಮಾರುವಾಕೆ ಅರ್ಧ ಬೆಲೆಗೆ ಕೊಡುತ್ತಾಳೆ, ಇಲ್ಲವೆ ಹಸುವಿನ ಮುಂದೆ ಹಾಕುತ್ತಾಳೆ. ಸೊಪ್ಪಿಗಿಂತಲೂ ಅಲ್ಪಾಯುವಾದ ಸರಕೊಂದು ಈಗ ಬಂದಿದೆ: ಫೋನಿನಲ್ಲಿ ಸುದ್ದಿ ಓದುವಾಗ ಪುಟದ ನಡುವೆ ಕಾಣುವ ಜಾಹೀರಾತಿನ ಜಾಗ. ಪುಟ ತೆರೆದ ಗಳಿಗೆಯಲ್ಲೇ ಅದು ಮಾರಿಹೋಗಬೇಕು. ಹಾಗೆ ಮಾರದೆ ಉಳಿದದ್ದನ್ನು ಯಾರಿಗೆ ಕೊಡತಕ್ಕದ್ದು? ಇದು ಲೆಕ್ಕದ ಪ್ರಶ್ನೆಯೋ, ಧರ್ಮದ ಪ್ರಶ್ನೆಯೋ?

ಮೊದಲು ಲೆಕ್ಕವನ್ನೇ ನೋಡೋಣ. ಒಳ್ಳೆಯ ಗಿರಾಕಿ ಸಿಗದಾಗ ಬಳಸಲೆಂದು ಬದಲಿ ಜಾಹೀರಾತುಗಳನ್ನು ಸರದಿಯಲ್ಲಿ ಇಟ್ಟಿರುತ್ತಾರೆ. ಹೆಬ್ಬಾಳದ ಕಡೆ ಇದೇ ಕಸುಬಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೊಟ್ಟ ಉದಾಹರಣೆ ಇದು. ಉಳಿದಿರುವುದು 100 ಜಾಗ. ಜವಳಿಯವನು ಒಂದಕ್ಕೆ 10 ಪೈಸೆ ಕೊಡುತ್ತಾನೆ, ಆದರೆ ಹತ್ತರಲ್ಲಿ ಎರಡನ್ನೇ ಒಪ್ಪುತ್ತಾನೆ. ಸಾಬೂನಿನವನು ಕೊಡುವುದು 4 ಪೈಸೆ, ಒಪ್ಪುವುದು ಹತ್ತರಲ್ಲಿ ಒಂಬತ್ತು. ಜವಳಿಯವನನ್ನು ಮೊದಲು ಕೇಳಿ, ಅವನು ಬಿಟ್ಟದ್ದನ್ನು ಸಾಬೂನಿನವನಿಗೆ ಕೊಟ್ಟರೆ ಗಳಿಕೆ 488 ಪೈಸೆ. ಸರದಿ ತಿರುಗಿಸಿದರೆ 380. ಆದರೆ ಒಬ್ಬನು ಒಲ್ಲೆನೆಂದು ಇನ್ನೊಬ್ಬನನ್ನು ಕೇಳುವಷ್ಟರಲ್ಲಿ ಅರ್ಧ ಜನ ಓದುಗರು ಪುಟ ಬಿಟ್ಟು ಹೋದರೋ? ಆಗ ಮೊದಲ ಸರದಿಗೆ 344, ಎರಡನೆಯದಕ್ಕೆ 370. ಲಾಭ ಪಕ್ಕ ಬದಲಿಸಿತು!

ಗಿರಾಕಿಗಳು ಹತ್ತಾರು, ಓದುಗರ ತಾಳ್ಮೆ ಬಗೆಬಗೆ ಆದಾಗ ಕಾಗದ ಪೆನ್ಸಿಲು ಸಾಲದು. ಆಗ ಕಂಪ್ಯೂಟರಿನಲ್ಲಿ ಹುಸಿ ದಿನಗಳನ್ನು ಸೃಷ್ಟಿಸಿ, ಹಿಂದಿನ ಅಂಕಿಗಳಿಗೆ ತಕ್ಕಂತೆ ದಾಳ ಉರುಳಿಸಿ, ಒಂದೊಂದು ಸರದಿಯನ್ನೂ ಸಾವಿರಾರು ಸಲ ಆಡಿಸಿ ನೋಡುತ್ತಾರೆ. ಈ ಉಪಾಯದ ಹುಟ್ಟೂ ಆಟದಲ್ಲೇ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್, ಒಬ್ಬನೇ ಆಡುವ ಇಸ್ಪೀಟಿನಲ್ಲಿ ಗೆಲ್ಲುವ ಸಂಭವವೆಷ್ಟೆಂದು ಯೋಚಿಸುತ್ತ, ಸೂತ್ರ ಹುಡುಕುವುದಕ್ಕಿಂತ ನೂರು ಸಲ ಆಡಿ ಎಣಿಸುವುದೇ ಸುಲಭವೆಂದು ಕಂಡ. ಜೂಜಿಗೆ ಹೆಸರಾದ ಮಾಂಟೆ ಕಾರ್ಲೋ ಊರಿನ ಹೆಸರೇ ಈ ವಿಧಾನಕ್ಕೂ ಬಂತು.

ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ. ಪೈಸೆಯನ್ನೇ ಅಳತೆಗೋಲಾಗಿ ಕೊಟ್ಟರೆ, ಪೈಸೆ ಕೊಡಲಾರದ ರಕ್ತದಾನದ ಕರೆಗೆ ದಕ್ಕುವುದು ಎಲ್ಲರೂ ಒಲ್ಲೆನೆಂದ ಮೇಲಿನ ಚೂರು. ಹಣ ಕಟ್ಟಿ ಆಡುವ ರಮ್ಮಿಗೋ, ಕೊಡುವ ಶಕ್ತಿ ಇರುವವರೆಗೆ ಮುಂದಿನ ಸಾಲು. 2025ರಲ್ಲಿ ಸಂಸತ್ತು ಕಾಯ್ದೆ ಮಾಡಿ ಅಂಥ ಆನ್‌ಲೈನ್ ಆಟವನ್ನೂ ಅದರ ಜಾಹೀರಾತನ್ನೂ ನಿಷೇಧಿಸಿತು. ಕೂಡದೆಂಬ ಆ ಮಾತು ದಾಳದಿಂದ ಬಂದದ್ದಲ್ಲ.

"ಯೋಗ್ಯತೆ ತೂಗುವವರು ಯಾರು, ಮೇಷ್ಟ್ರೇ? ಒಡೆಯನ ಇಷ್ಟಾನಿಷ್ಟಕ್ಕಿಂತ ಅಂಕಿಯೇ ಮೇಲಲ್ಲವೆ?" ಎಂದ ನನ್ನ ವಿದ್ಯಾರ್ಥಿ. ಮಾತಿನಲ್ಲಿ ತೂಕವಿದೆ. ಆದರೆ ಹಣವೊಂದನ್ನೇ ಅಳೆಯುವುದೂ ಒಂದು ಪಕ್ಷವೇ. ಅಂಕಿಯ ಮರೆಯಲ್ಲಿರುವುದರಿಂದ ಕಣ್ಣಿಗೆ ಬೀಳದು.

2003ರಲ್ಲಿ ಆರಂಭವಾದ ಗೂಗಲ್‌ನ ಆಡ್‌ಸೆನ್ಸ್ ಕೂಡ ಮೊದಮೊದಲು ತಕ್ಕ ಜಾಹೀರಾತು ಸಿಗದಾಗ ಲೋಕಹಿತದ ಪ್ರಕಟಣೆಗಳನ್ನು ಪುಕ್ಕಟೆಯಾಗಿ ತೋರಿಸುತ್ತಿತ್ತು. ಅಷ್ಟೂ ಸಾಲದು, ಉಳಿದುದರಲ್ಲೂ ಉಳಿದದ್ದನ್ನು ಕೊಡುವುದು ಕೊಡುಗೆಯಲ್ಲ. ನಮ್ಮ ಮನೆಗಳಲ್ಲಿ ಮೀಸಲು ತೆಗೆಯುವುದು ಊಟಕ್ಕೆ ಮುಂಚೆ. ಹಾಗೆಯೇ ಆಟಕ್ಕೆ ಮುಂಚೆ ನೂರರಲ್ಲಿ ಐದು ಜಾಗ ತೆಗೆದಿಡಲಿ. ಆಮೇಲೆ ಯಂತ್ರ ತನ್ನ ಕೆಲಸ ಮಾಡಲಿ: 370 ಪೈಸೆಯಲ್ಲಿ ಹದಿನೆಂಟೂವರೆ ಪೈಸೆ ಕಡಿಮೆಯಾಯಿತೆಂದು ನಿಷ್ಠುರವಾಗಿ ಹೇಳಲಿ. ಆ ಹದಿನೆಂಟೂವರೆ ಪೈಸೆಯನ್ನು ಬಿಡಲು ಮನಸ್ಸುಂಟೇ ಎಂಬುದನ್ನು ಮಾತ್ರ ಜಾಗದ ಒಡೆಯ ತನ್ನನ್ನೇ ಕೇಳಿಕೊಳ್ಳಬೇಕು.